ಒಂದೇ ಒಂದು ತುಂಡು

ರಾತ್ರಿ ಎರಡು ಗಂಟೆಗೆ ನಾಯಿ ಓಕರಿಸುವ ಸದ್ದು ಕೇಳಿದರೆ ಎಂಥ ನಿದ್ದೆಯಿಂದಲೂ ಎಚ್ಚರವಾಗುತ್ತದೆ. ಮೊದಲು ಉಗುರು ನೆಲಕ್ಕೆ ತಾಗುವ ಟಕ್ ಟಕ್. ಆಮೇಲೆ ಹೊಟ್ಟೆಯೊಳಗಿಂದ ಯಾರೋ ಪಂಪು ಹೊಡೆದ ಹಾಗೆ. ನಾನು ಎದ್ದು ಲೈಟು ಹಾಕುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಜಗಲಿಯ ಕೆಂಪು ನೆಲದ ಮೇಲೆ ಮಧ್ಯಾಹ್ನದ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಬಿದ್ದಿತ್ತು. ಅಗಿಯದೇ ನುಂಗಿದ ತುಂಡುಗಳು, ಮೂಳೆ ಚೂರು, ಸುತ್ತ ಎಣ್ಣೆಯ ಅಂಚು. ಅದಕ್ಕೆ ಹಾಕುವ ಕಾಚಂಪುಳಿಯ ಹುಳಿ ವಾಸನೆ ಬೇರೆ. ಬೊಗ್ಗ ಪಕ್ಕದಲ್ಲಿ ಬಾಲ ಕಾಲಸಂದಿಗೆ ಸೇರಿಸಿ ನಿಂತಿದ್ದ, ಬೈಸಿಕೊಳ್ಳಲು ತಯಾರಾದವನ ಹಾಗೆ.

ಹಿಂದಿನ ದಿನ ಸೆಪ್ಟೆಂಬರ್ 3. ನಮ್ಮ ಕೊಡಗಿನ ಕಡೆ ಕೈಲ್ ಮುಹೂರ್ತ. ಗದ್ದೆಯ ನಾಟಿ ಮುಗಿದ ಮೇಲೆ ಕೋವಿ, ಕತ್ತಿಗಳನ್ನೆಲ್ಲ ತೊಳೆದು, ಒರೆಸಿ, ಸಾಲಾಗಿ ಇಟ್ಟು ಪೂಜೆ ಮಾಡುವ ಹಬ್ಬ. ಕೋವಿಯ ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸುತ್ತೇವೆ. ಊಟಕ್ಕೆ ಕಡಂಬುಟ್ಟು ಅನ್ನುವ ಅಕ್ಕಿ ತರಿಯ ಉಂಡೆ, ಪಂದಿ ಕರಿ. ಮೂರ್ನಾಡಿನ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ, ದೊಡ್ಡ ಮನೆಯೇನಲ್ಲ. ಆದರೂ ಅವತ್ತು ಹದಿನಾರು ಜನ ಊಟಕ್ಕಿದ್ದರು. ಹದಿನೇಳನೆಯವನು ಬೊಗ್ಗ.

ಅವನ ಅಮ್ಮ ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಸಾಲು ಮನೆಯ, ನಾಯಿ. ಅಪ್ಪ ಪಕ್ಕದ ಎಸ್ಟೇಟಿನ ಲ್ಯಾಬ್ರಡಾರ್. ಕಾಲು, ಕಿವಿ, ಬುದ್ಧಿ ಅಮ್ಮನದು. ಹೊಟ್ಟೆ ಮಾತ್ರ ಪೂರ್ತಿ ಅಪ್ಪನ ಕಡೆಯದು. ಆರು ವರ್ಷ ವಯಸ್ಸು, 31 ಕಿಲೋ ತೂಕ. ನಾಲ್ಕು ಕಿಲೋ ಇಳಿಸಿ ಎಂದು ಡಾಕ್ಟರು ಹೋದ ವರ್ಷವೇ ಹೇಳಿದ್ದರು. ನಾವು ಆಯ್ತು ಅಂದಿದ್ದೆವು.

ವಾಂತಿ ಆಯ್ತಲ್ಲ, ಹೊಟ್ಟೆ ಖಾಲಿಯಾಯ್ತು, ಇನ್ನು ಸರಿಹೋಗುತ್ತದೆ ಅಂದುಕೊಂಡು ನೆಲ ತೊಳೆದು ಮಲಗಿದೆ. ಅದು ತಪ್ಪು ಲೆಕ್ಕವೇನೂ ಅಲ್ಲ. ನಾಯಿಗಳಿಗೆ ವಾಂತಿ ಸುಲಭ. ಕಂಡಿದ್ದನ್ನೆಲ್ಲ ತಿನ್ನುವ ಪ್ರಾಣಿಗೆ ಅದೇ ಒಂದು ರಕ್ಷಣೆ. ಹತ್ತರಲ್ಲಿ ಎಂಟು ಸಲ ಬೊಗ್ಗ ಹೀಗೆ ಕಕ್ಕಿ, ಒಂದಷ್ಟು ಹುಲ್ಲು ತಿಂದು, ಸಂಜೆಗೆ ಮತ್ತೆ ತಟ್ಟೆ ನೆಕ್ಕುತ್ತಾ ನಿಲ್ಲುತ್ತಿದ್ದ. ಆದರೆ ಅವತ್ತು ನಾಲ್ಕು ಗಂಟೆಗೆ ಮತ್ತೆ ಆಯಿತು. ಐದೂವರೆಗೆ ಮತ್ತೆ. ಆಗ ಬಂದಿದ್ದು ಬರೀ ಹಳದಿ ನೊರೆ. ಹೊಟ್ಟೆಯಲ್ಲಿ ಏನೂ ಉಳಿಯದಿದ್ದಾಗ ಬರುವ ಪಿತ್ತ ಅದು.

ಬೆಳಗ್ಗೆ ಮನೆಯವರೆಲ್ಲ ಡಾಕ್ಟರಾದರು. ಅತ್ತೆ ಜೀರಿಗೆ ಹಾಕಿದ ಮಜ್ಜಿಗೆ ತಂದರು. ಎರಡು ಗುಟುಕು ಕುಡಿದ, ಐದು ನಿಮಿಷಕ್ಕೆ ಅಂಗಳದಲ್ಲಿ ಕಕ್ಕಿದ. ಹಬ್ಬಕ್ಕೆ ಬಂದು ಉಳಿದಿದ್ದ ಚಿಕ್ಕಮಾವ, "ಒಂದು ಮುಚ್ಚಳ ಬ್ರಾಂದಿ ಹಾಕಿ ನೋಡು, ಕೂಡ್ಲೇ ನಿಲ್ತದೆ" ಅಂದರು. ಕೊಡಗಿನಲ್ಲಿ ಬ್ರಾಂದಿಯಿಂದ ವಾಸಿಯಾಗದ ಕಾಯಿಲೆ ಇನ್ನೂ ಹುಟ್ಟಿಲ್ಲ. ಪುಣ್ಯಕ್ಕೆ ನಾನು ಅದಕ್ಕೆ ಒಪ್ಪಲಿಲ್ಲ. ನನ್ನ ಯಜಮಾನರು ಮಾತ್ರೆ ಡಬ್ಬ ತೆರೆದು ತಮ್ಮ ಜ್ವರದ ಮಾತ್ರೆಯನ್ನೇ ಅರ್ಧ ಮುರಿಯಲು ಹೊರಟಿದ್ದರು. ಅದನ್ನೂ ಬೇಡ ಅಂದೆ, ಸುಮ್ನೆ ಒಂದು ಅನುಮಾನದ ಮೇಲೆ. ಆಮೇಲೆ ಡಾಕ್ಟರು ಹೇಳಿದರು: ನಾವು ನುಂಗುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ನಾಯಿಗೆ ಅಂದಾಜಿನಲ್ಲಿ ಕೊಡುವ ಮದ್ದಲ್ಲ. ಒಂದು ಲಿವರ್ ಕೆಡಿಸುತ್ತದೆ, ಇನ್ನೊಂದು ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಗೂ ಪೆಟ್ಟು ಕೊಡುತ್ತದೆ.

ಇಷ್ಟೆಲ್ಲ ಜಾಣತನ ತೋರಿಸಿದವಳು ನಾನೇನು ಮಾಡಿದೆ ಗೊತ್ತಾ? ಪಾಪ, ಏನೂ ತಿಂದಿಲ್ಲ ಅಂತ ಹತ್ತು ಗಂಟೆಗೆ ಬ್ರೆಡ್ಡು ಹಾಲಿನಲ್ಲಿ ಅದ್ದಿ ಕೊಟ್ಟೆ. ಅದೂ ಹೊರಗೆ ಬಂತು.

ಮಧ್ಯಾಹ್ನ ಒಂದು ತಮಾಷೆ ನಡೆಯಿತು. ಅಂದರೆ ನನಗೆ ತಮಾಷೆ ಅನ್ನಿಸಿತು. ಬೊಗ್ಗ ಅಂಗಳದ ನಡುವೆ ಮುಂಗಾಲು ಮುಂದೆ ಚಾಚಿ, ಎದೆ ನೆಲಕ್ಕೆ ಒತ್ತಿ, ಹಿಂಭಾಗ ಮಾತ್ರ ಎತ್ತಿ ನಿಂತ. ಆಟಕ್ಕೆ ಕರೆಯುವಾಗ ನಾಯಿಗಳು ಹೀಗೇ ಮಾಡುತ್ತವಲ್ಲ. "ನೋಡು, ಹುಷಾರಾದ, ಆಟಕ್ಕೆ ಕರೀತಿದ್ದಾನೆ" ಅಂತ ಮಗಳಿಗೆ ಹೇಳಿ ವಿಡಿಯೋ ಮಾಡಿದೆ. ಚೆಂಡು ಎಸೆದೆವು. ಅವನು ತಿರುಗಿಯೂ ನೋಡಲಿಲ್ಲ. ಬಾಲ ಆಡಲಿಲ್ಲ. ಹಾಗೇ ಎರಡು ನಿಮಿಷ ನಿಂತು, ಮೆಲ್ಲಗೆ ಮಲಗಿ, ಮತ್ತೆ ಎದ್ದು ಹಾಗೇ ನಿಂತ. ಮಗಳಿಗೆ ಹನ್ನೆರಡು ವರ್ಷ. "ಅಮ್ಮ, ಇದು ಆಟ ಅಲ್ಲ, ಅವನ ಕಣ್ಣು ನೋಡು" ಅಂದಳು. ವಿಡಿಯೋವನ್ನು ಪಶು ವೈದ್ಯರಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಅವರೇ ಫೋನ್ ಮಾಡಿದರು. "ಹೊಟ್ಟೆ ಎಳೆದು ಹಿಡಿದು ನೋಯ್ತಿದೆ ಅದಕ್ಕೆ. ಈಗ್ಲೇ ಕರ್ಕೊಂಡು ಬನ್ನಿ. ದಾರಿಯಲ್ಲಿ ಏನೂ ತಿನ್ನಿಸಬೇಡಿ."

ಜೀಪಿನ ಹಿಂದಿನ ಸೀಟಿನಲ್ಲಿ ಕಾಫಿ ಚೀಲ ಹಾಸಿ ಮಲಗಿಸಿದೆವು. ಸಾಮಾನ್ಯವಾಗಿ ಕಿಟಕಿಗೆ ಮೂತಿ ತೂರಿಸಿ ನಿಲ್ಲುವವನು ಅವತ್ತು ತಲೆ ಎತ್ತಲಿಲ್ಲ. ಅಷ್ಟು ಹೊತ್ತಿಗೆ ಒಂದು ಭೇದಿಯೂ ಆಗಿತ್ತು.

ಡಾಕ್ಟರು ಮೊದಲು ಮದ್ದು ಕೊಡಲಿಲ್ಲ, ಪ್ರಶ್ನೆ ಕೇಳಿದರು. ಕೈಯಂತೂ ಕೆಲಸ ಮಾಡುತ್ತಲೇ ಇತ್ತು. ತುಟಿ ಎತ್ತಿ ವಸಡು ನೋಡಿದರು. ಬೆರಳಿನಿಂದ ಒತ್ತಿ ಬಿಟ್ಟರು. ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕಂತೆ. ಬೊಗ್ಗನದು ಸ್ವಲ್ಪ ನಿಧಾನ, ವಸಡು ಅಂಟಂಟು. ಬೆನ್ನಿನ ಚರ್ಮ ಎತ್ತಿ ಬಿಟ್ಟರೆ ಗುಡಾರದ ಹಾಗೆ ಒಂದು ಕ್ಷಣ ನಿಂತೇ ಇತ್ತು. ಮೈಯಲ್ಲಿ ನೀರು ಕಮ್ಮಿಯಾಗಿದೆ ಅಂದರು. ಜ್ವರ 103.4. ನಾಯಿಗೆ 101ರಿಂದ 102.5 ಡಿಗ್ರಿವರೆಗೂ ಸಹಜ ಅನ್ನುವುದು ಅವತ್ತೇ ನನಗೆ ಗೊತ್ತಾಗಿದ್ದು.

ಪ್ರಶ್ನೆಗಳು ಹೀಗಿದ್ದವು. ವಾಂತಿಗೆ ಮುಂಚೆ ಹೊಟ್ಟೆ ಕುಲುಕುತ್ತಿತ್ತಾ, ಅಥವಾ ತಿಂದದ್ದು ಸುಮ್ನೆ ಬಾಯಿಂದ ಜಾರಿ ಬಿತ್ತಾ? ಕುಲುಕಿದ್ದರೆ ಹೊಟ್ಟೆಯ ತೊಂದರೆ, ಜಾರಿದ್ದರೆ ಅನ್ನನಾಳದ್ದು. ರಕ್ತ ಇತ್ತಾ? ಕಾಫಿ ಪುಡಿ ಥರ ಕಂದು ಕಾಳು ಇತ್ತಾ? ಮನೆಯಲ್ಲಿ ಕಾಫಿ ಪುಡಿ ಅಷ್ಟು ಇರುವಾಗ ಈ ಪ್ರಶ್ನೆಗೆ ನನಗೆ ನಗು ಬಂತು. ಅವರು ನಗಲಿಲ್ಲ. ಅದು ಹೊಟ್ಟೆಯಲ್ಲಿ ಅರ್ಧ ಜೀರ್ಣವಾದ ರಕ್ತವಂತೆ. ಭೇದಿ ಒಂದೇ ಸಲ ಜಾಸ್ತಿ ಹೋಯಿತಾ, ಅಥವಾ ಚೂರು ಚೂರೇ ಹತ್ತು ಸಲ ಮುಕ್ಕರಿದನಾ? ಮೊದಲನೆಯದು ಸಣ್ಣ ಕರುಳು. ಎರಡನೆಯದು, ಅದರಲ್ಲೂ ಲೋಳೆ, ಕೆಂಪು ರಕ್ತ ಇದ್ದರೆ, ದೊಡ್ಡ ಕರುಳು. ಟಾರಿನ ಹಾಗೆ ಕಪ್ಪಗೆ ಅಂಟಾಗಿದ್ದರೆ ಮೇಲ್ಗಡೆ ಎಲ್ಲೋ ರಕ್ತ ಹೋಗುತ್ತಿದೆ ಅಂತ ಅರ್ಥ. ನಾನು ನೆಲವನ್ನೆಲ್ಲ ಚೆನ್ನಾಗಿ ತೊಳೆದುಬಿಟ್ಟಿದ್ದೆ. ಒಂದು ಫೋಟೋ ತೆಗೆಯಬೇಕಿತ್ತು ಅಂದರು.

ಆಮೇಲೆ ತೋಟದ ಕಡೆಗೆ ಬಂದರು. "ಶಂಖದ ಹುಳುವಿಗೆ ಮದ್ದು ಇಟ್ಟಿದ್ದೀರಾ?" ಮಳೆಗಾಲದಲ್ಲಿ ಕೊಡಗಿನ ಕೆಲವು ಕಡೆ ಕಾಫಿ ತೋಟಕ್ಕೆ ಆಫ್ರಿಕದ ದೊಡ್ಡ ಶಂಖದ ಹುಳುಗಳ ಕಾಟ. ಅದಕ್ಕೆ ಇಡುವ ಮೆಟಾಲ್ಡಿಹೈಡ್ ಗುಳಿಗೆ ನಾಯಿಗೆ ವಿಷ. ತಿಂದ ಸ್ವಲ್ಪ ಹೊತ್ತಿಗೇ ನಡುಕ, ಫಿಟ್ಸು ಬರುತ್ತದೆ. ನಾವು ಇಟ್ಟಿರಲಿಲ್ಲ. ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ? ಅದು ಬೀಗ ಹಾಕಿದ ಕೋಣೆಯಲ್ಲಿದೆ. ಇಲಿ ಪಾಷಾಣ? ಇಲ್ಲ.

"ತೋಕ್ ಪೂ?"

ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಹಬ್ಬಕ್ಕೆ ಬೇಲಿಯಿಂದ ಬಳ್ಳಿ ಸಮೇತ ಕಿತ್ತು ತರುತ್ತೇವೆ. ಹೊರಗಿನವರು ಗೌರಿ ಹೂ ಅನ್ನುವುದೂ ಅದನ್ನೇ. ಬೆಂಕಿಯ ನಾಲಗೆಯ ಹಾಗೆ ಎಷ್ಟು ಚೆಂದವೋ, ಅದರ ಗಡ್ಡೆಯಲ್ಲಿ ಅಷ್ಟೇ ವಿಷ. ಕಾಲ್ಚಿಸಿನ್ ಅಂತ ಹೆಸರು. ತಿಂದರೆ ಇದೇ ಥರ ವಾಂತಿ ಭೇದಿಯಿಂದಲೇ ಶುರುವಾಗುತ್ತದೆ. ಮಗಳು ತಕ್ಷಣ ಅಜ್ಜಿಗೆ ಫೋನ್ ಮಾಡಿದಳು. ಅತ್ತೆ ಹೋಗಿ ಎಣಿಸಿ ಬಂದರು. ನಳಿಗೆಯಲ್ಲಿದ್ದ ಹೂ ಹಾಗೇ ಇದೆ, ಬುಟ್ಟಿಯಲ್ಲಿ ಉಳಿದದ್ದೂ ಇದೆ, ಗಡ್ಡೆ ತಂದೇ ಇಲ್ಲ.

"ಹಾಗಾದ್ರೆ ಹಬ್ಬದ ಊಟದ್ದೇ. ಎಷ್ಟು ತಿಂದಿದ್ದಾನೆ?"

"ಜಾಸ್ತಿ ಇಲ್ಲ ಸರ್. ನಾನು ಒಂದೇ ಒಂದು ತುಂಡು ಹಾಕಿದ್ದು."

"ನೀವು ಹಾಕಿದ್ದು. ಉಳಿದವರು?"

ಆಸ್ಪತ್ರೆಯ ವರಾಂಡದಲ್ಲಿ ನಿಂತು ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಇದು ಸುಲಭದ ಕೆಲಸವಲ್ಲ. ಹಬ್ಬ ಮುಗಿಸಿ ಹೋದ ನೆಂಟರಿಗೆ ಮರುದಿನ ಫೋನ್ ಮಾಡಿ, "ನೀವು ನಾಯಿಗೆ ಏನು ಹಾಕಿದ್ರಿ" ಅಂತ ಕೇಳಬೇಕು. ಭಾವ ಮೊದಲು ಏನೂ ಇಲ್ಲ ಅಂದರು. ಆಮೇಲೆ ಒಂದೇ ಒಂದು ತುಂಡು ಅಂದರು. ನಾದಿನಿಯೂ ಒಂದೇ ತುಂಡು. ಅವಳ ಗಂಡನಿಗೆ ಕೊಬ್ಬು ಇಷ್ಟವಿಲ್ಲ, ತಟ್ಟೆಯಲ್ಲಿ ಬಂದದ್ದನ್ನೆಲ್ಲ ಮೇಜಿನ ಕೆಳಗೆ ಇಳಿಸಿದ್ದರು. ಮಕ್ಕಳು ಮೂಳೆ ಕೊಟ್ಟಿದ್ದವು, "ನಾಯಿಗೆ ಮೂಳೆ ಅಲ್ವಾ ಆಂಟಿ". ಲೈನ್ ಮನೆಗೆ ಕಳಿಸಿದ್ದರಲ್ಲೂ ಅವನಿಗೆ ಪಾಲು ಸಿಕ್ಕಿತ್ತು, ಅಮ್ಮನ ಮನೆಯಲ್ವಾ ಅದು. ಕೊನೆಗೆ ಅತ್ತೆ. ರಾತ್ರಿ ಪಾತ್ರೆ ತೊಳೆಯುವ ಮುಂಚೆ ತಳದಲ್ಲಿದ್ದ ಎಣ್ಣೆ ಮಸಾಲೆಯನ್ನೆಲ್ಲ ಬಿಸಿ ಅನ್ನಕ್ಕೆ ಕಲಸಿ ಹಾಕಿದ್ದರು. "ಹಬ್ಬದ ದಿನ ಬಾಯಿಲ್ಲದ ಪ್ರಾಣಿಗೆ ಬರೀ ಅನ್ನ ಹಾಕ್ಲಿಕ್ಕೆ ಮನಸ್ಸು ಬರ್ತದಾ?"

ಮಗಳು ತನ್ನ ನೋಟ್ ಪುಸ್ತಕದಲ್ಲಿ ಕೂಡಿಸಿದಳು. ಹದಿನಾರರಲ್ಲಿ ಹನ್ನೊಂದು ಜನ. ಎಲ್ಲರದ್ದೂ ಒಂದೇ ಒಂದು ತುಂಡು.

ಡಾಕ್ಟರು ರಕ್ತ ತೆಗೆದರು. ಅದರಿಂದ ಬೇರ್ಪಡಿಸಿದ ತಿಳಿಯನ್ನು ಸ್ವಲ್ಪ ಅಂಗೈಯಗಲದ ಒಂದು ಕಿಟ್ಟಿಗೆ ಹಾಕಿ ಹತ್ತು ನಿಮಿಷ ಇಟ್ಟರು. ಎರಡು ನೀಲಿ ಚುಕ್ಕೆ ಮೂಡಿದವು. ಒಂದು ಹೋಲಿಸಲು ಕೊಟ್ಟ ಚುಕ್ಕೆ, ಇನ್ನೊಂದು ಬೊಗ್ಗನದು. ಬೊಗ್ಗನದು ಕಡುನೀಲಿಯಾಗಿತ್ತು. ಇದೊಂದನ್ನೇ ನಂಬಿ ಹೇಳುವುದಿಲ್ಲ, ಆದರೆ ಕೊಬ್ಬಿನ ಊಟ, ನೋವು, ನಿಂತ ಭಂಗಿ, ಎಲ್ಲಾ ಸೇರಿಸಿ ನೋಡಿದರೆ ಪ್ಯಾಂಕ್ರಿಯಾಟೈಟಿಸ್ ಅಂದರು. ಮೇದೋಜೀರಕ ಗ್ರಂಥಿಯ ಉರಿಯೂತ.

ಅತ್ತೆಗೆ ಆಮೇಲೆ ನಾನು ವಿವರಿಸಿದ್ದು ಹೀಗೆ. ಹೊಟ್ಟೆಯ ಪಕ್ಕ ಒಂದು ಗ್ರಂಥಿ ಇದೆ. ಕೊಬ್ಬು, ಮಾಂಸ ಕರಗಿಸುವ ರಸ ಅಲ್ಲೇ ತಯಾರಾಗುತ್ತದೆ. ಆ ರಸಕ್ಕೆ ಶಕ್ತಿ ಬರಬೇಕಾದ್ದು ಕರುಳಿಗೆ ಇಳಿದ ಮೇಲೆ. ಏನೋ ಎಡವಟ್ಟಾಗಿ ಗ್ರಂಥಿಯೊಳಗೇ ಶಕ್ತಿ ಬಂದುಬಿಟ್ಟರೆ ಅದು ಗ್ರಂಥಿಯನ್ನೇ ಕರಗಿಸಲು ಶುರುಮಾಡುತ್ತದೆ. ಒಮ್ಮೆಲೇ ಜಾಸ್ತಿ ಕೊಬ್ಬು ತಿಂದ ನಾಯಿಗಳಲ್ಲಿ, ಮೈ ಬಂದ ನಾಯಿಗಳಲ್ಲಿ ಇದು ಹೆಚ್ಚು. ಕೆಲವಕ್ಕೆ ಒಂದೆರಡು ದಿನದಲ್ಲಿ ಇಳಿಯುತ್ತದೆ, ಕೆಲವು ಸತ್ತೇ ಹೋಗುತ್ತವೆ. ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ.

ಇದಕ್ಕೆ ಅಂತ ಒಂದು ಮದ್ದಿಲ್ಲ. ವಾಂತಿ ನಿಲ್ಲಿಸಲು ಮರೋಪಿಟಂಟ್ ಇಂಜೆಕ್ಷನ್, ನೋವಿಗೆ ಒಂದು, ಮತ್ತೆ ಡ್ರಿಪ್. ಮುಖ್ಯವಾದದ್ದು ಡ್ರಿಪ್ಪೇ. ಆಂಟಿಬಯೋಟಿಕ್ ಕೊಡಲಿಲ್ಲ. "ಒಂದು ಸ್ಟ್ರಾಂಗ್ ಆಂಟಿಬಯೋಟಿಕ್ ಹಾಕಿಬಿಡಿ ಸರ್" ಅಂತ ನನ್ನ ಯಜಮಾನರು ಕೇಳಿದರು. ಇದು ಸಾಮಾನ್ಯವಾಗಿ ಬ್ಯಾಕ್ಟೀರಿಯಾದಿಂದ ಬರುವುದಲ್ಲ, ಸುಮ್ನೆ ಹಾಕಿದರೆ ಕರುಳಿನಲ್ಲಿರುವ ಒಳ್ಳೆಯ ಜೀವಾಣುಗಳೂ ಹೋಗಿ ಭೇದಿ ಜಾಸ್ತಿಯಾಗಬಹುದು ಅಂದರು. ಎರಡು ದಿನದಲ್ಲಿ ಇಳಿಯದಿದ್ದರೆ ಸ್ಕ್ಯಾನಿಂಗಿಗೆ ಮೈಸೂರಿಗೆ ಹೋಗಿ ಅಂತ ಚೀಟಿಯನ್ನೂ ಬರೆದುಕೊಟ್ಟರು. ಆ ಚೀಟಿ ಮೂರು ದಿನ ನನ್ನ ಪರ್ಸಿನಲ್ಲೇ ಇತ್ತು. ತಿತಿಮತಿ ದಾಟಿ ಆನೆಚೌಕೂರು ಕಾಡಿನಲ್ಲಿ ನರಳುವ ನಾಯಿಯನ್ನು ಮಲಗಿಸಿಕೊಂಡು ಹೋಗುವುದನ್ನು ನೆನೆಸಿಕೊಂಡೇ ನನಗೆ ಸುಸ್ತಾಗುತ್ತಿತ್ತು.

ಸಂಜೆವರೆಗೆ ಅಲ್ಲೇ ಡ್ರಿಪ್ ಹಾಕಿಸಿ, ಮುಂಗಾಲಿನ ಸೂಜಿಯನ್ನು ಹಾಗೇ ಬಿಟ್ಟು ಬ್ಯಾಂಡೇಜು ಸುತ್ತಿ ಮನೆಗೆ ಕಳಿಸಿದರು. ಮರುದಿನ ಒಬ್ಬ ಕಾಂಪೌಂಡರು ಮನೆಗೇ ಬಂದು ಬಾಟಲಿ ಹಾಕಿದರು. ಬಾಟಲಿ ಎಲ್ಲಿಗೆ ತೂಗು ಹಾಕುವುದು? ಗೋಡೆಯಲ್ಲಿ ಗಟ್ಟಿಯಾಗಿದ್ದದ್ದು ಕೋವಿ ಇಡುವ ಮರದ ಗೂಟ ಒಂದೇ. ಎರಡು ದಿನದ ಹಿಂದೆ ಗಂಧ ಹಚ್ಚಿ ಕೈಮುಗಿದ ಕೋವಿಯನ್ನು ಯಜಮಾನರು ಇಳಿಸಿ ಒಳಗಿಟ್ಟರು. ಆ ಗೂಟಕ್ಕೆ ರಿಂಗರ್ ಲ್ಯಾಕ್ಟೇಟ್ ಬಾಟಲಿ ನೇತಾಡಿತು. ಕೆಳಗೆ ಚಾಪೆ, ಚಾಪೆಯ ಮೇಲೆ ಬೊಗ್ಗ, ಅವನ ತಲೆ ಮಗಳ ತೊಡೆಯ ಮೇಲೆ. ಹನಿ ಬೀಳುವುದನ್ನು ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಟ್ಯೂಬಿನಲ್ಲಿ ಗಾಳಿ ಗುಳ್ಳೆ ಕಂಡರೆ ಮಗಳು ಕಿರುಚುತ್ತಿದ್ದಳು.

ವಾಂತಿ ಆ ರಾತ್ರಿಯೇ ನಿಂತಿತ್ತು. ಇನ್ನು ಊಟ. ಮೊದಲೆಲ್ಲ ಈ ಕಾಯಿಲೆಗೆ ದಿನಗಟ್ಟಲೆ ಉಪವಾಸ ಕೆಡವುತ್ತಿದ್ದರಂತೆ. ಈಗ ಹಾಗಿಲ್ಲ. ವಾಂತಿ ನಿಂತ ತಕ್ಷಣ ಸ್ವಲ್ಪ ಸ್ವಲ್ಪ ಶುರುಮಾಡಬೇಕು, ಕರುಳು ಖಾಲಿ ಕೂತಷ್ಟೂ ಕೆಡುತ್ತದೆ. ನೀರಂತೂ ಯಾವತ್ತೂ ನಿಲ್ಲಿಸಬಾರದು. ಆದರೆ ಬೋಗುಣಿ ತುಂಬಾ ಇಟ್ಟರೆ ಬಾಯಾರಿದ ನಾಯಿ ಒಂದೇ ಸಲ ಕುಡಿದು ಕಕ್ಕುತ್ತದೆ. ಅದಕ್ಕೇ ಅರ್ಧ ಲೋಟ, ಅರ್ಧ ಗಂಟೆಗೊಮ್ಮೆ.

ಊಟದ ಕ್ರಮ ಹೀಗಿತ್ತು. ಚರ್ಮ ತೆಗೆದ, ಮೂಳೆಯಿಲ್ಲದ ಕೋಳಿಯ ಎದೆಯ ಭಾಗ. ಬರೀ ನೀರಿನಲ್ಲಿ ಬೇಯಿಸಬೇಕು. ಉಪ್ಪಿಲ್ಲ, ಅರಿಶಿನ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ವಾಸನೆಯೂ ತಾಗಬಾರದು. ಬೆಂದ ನೀರನ್ನು ಆರಿಸಿ ಮೇಲೆ ತೇಲುವ ಜಿಡ್ಡನ್ನು ಚಮಚದಲ್ಲಿ ತೆಗೆಯಬೇಕು. ಅನ್ನ ಮೆತ್ತಗೆ, ಕೈಯಲ್ಲಿ ಹಿಸುಕಿದರೆ ಗಂಜಿಯಾಗುವ ಹಾಗೆ. ಮೂರು ಪಾಲು ಅನ್ನಕ್ಕೆ ಒಂದು ಪಾಲು ಕೋಳಿ, ಎಳೆ ಎಳೆಯಾಗಿ ಬಿಡಿಸಿ ಕಲಸಿದ್ದು. ಮೊದಲ ದಿನ ಒಂದು ಸಲಕ್ಕೆ ನಿಂಬೆಗಾತ್ರದ ಎರಡು ಉಂಡೆ, ನಾಲ್ಕು ಗಂಟೆಗೊಮ್ಮೆ. ಮೊದಲ ಉಂಡೆಯನ್ನು ಬೊಗ್ಗ ಮೂಸಿ ಮುಖ ತಿರುಗಿಸಿದ. ಎರಡನೇ ಸಲ ಮಗಳ ಬೆರಳಿನಿಂದ ನೆಕ್ಕಿದ. ನಾವು ಮೂವರೂ ಉಸಿರು ಹಿಡಿದು ಅರ್ಧ ಗಂಟೆ ಅವನ ಹೊಟ್ಟೆಯನ್ನೇ ನೋಡುತ್ತಾ ಕೂತೆವು. ಏನೂ ಬರಲಿಲ್ಲ.

ಮಗಳ ನೋಟ್ ಪುಸ್ತಕ ಈಗ ಬೊಗ್ಗನದಾಯಿತು. ಎಷ್ಟು ಗಂಟೆಗೆ ಎಷ್ಟು ತಿಂದ, ಎಷ್ಟು ಸಲ ಹೊರಗೆ ಹೋದ, ಗಟ್ಟಿಯಾ ನೀರಾ, ಬಣ್ಣ ಏನು. ಅವಳು ಪ್ರತಿ ಸಲ ಟಾರ್ಚು ಹಿಡಿದು ಕಾಫಿ ಗಿಡದ ಬುಡಕ್ಕೆ ಹೋಗಿ ನೋಡಿ ಬರುತ್ತಿದ್ದಳು. ಮಳೆ ಕಮ್ಮಿಯಾಗಿದ್ದರೂ ಜಿಗಣೆ ಕಮ್ಮಿಯಾಗಿರಲಿಲ್ಲ. ಮೂರನೇ ದಿನ ಓಡಿ ಬಂದು "ಅಮ್ಮ, ಬೆಳ್ಳಗಿದೆ! ಸೀಮೆಸುಣ್ಣದ ಥರ ಪುಡಿಪುಡಿ" ಅಂದಳು. ಈ ಸಲ ಫೋಟೋ ತೆಗೆದೆವು. ಮೂಳೆ ತಿಂದ ನಾಯಿಯ ಮಲ ಹಾಗೇ ಇರುತ್ತದೆ, ಸದ್ಯ ಹೊರಗೆ ಬಂತಲ್ಲ ಅಂದರು ಡಾಕ್ಟರು. ಬೇಯಿಸಿದ ಮೂಳೆ ಹಸಿ ಮೂಳೆಯ ಹಾಗಲ್ಲ. ಸೀಳಿ ಚೂಪಾಗಿ ಮುರಿಯುತ್ತದೆ, ಕರುಳಿಗೆ ಚುಚ್ಚಬಹುದು, ಗಂಟಲಿನಲ್ಲೇ ಸಿಕ್ಕಿಕೊಳ್ಳಬಹುದು. ಇಷ್ಟು ವರ್ಷ ನಾವು ಹಾಕಿದ ಮೂಳೆಗಳನ್ನೆಲ್ಲ ಅವನು ಜೀರ್ಣಿಸಿಕೊಂಡದ್ದು ನಮ್ಮ ಜಾಣತನದಿಂದ ಅಲ್ಲ ಅಂತಾಯಿತು.

ಇನ್ನೊಂದು ಕಡೆ ಕಣ್ಣಿಡಲು ಹೇಳಿದ್ದರು, ಮೂತ್ರದ ಬಣ್ಣ. ಪಂದಿ ಕರಿಗೆ ಈರುಳ್ಳಿ, ಬೆಳ್ಳುಳ್ಳಿ ಎಷ್ಟು ಹೋಗುತ್ತದೆ ಅಂತ ಮಾಡಿದವರಿಗೆ ಗೊತ್ತು. ಅವೆರಡೂ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ತಿಂದ ದಿನವೇ ಏನೂ ಕಾಣುವುದಿಲ್ಲ, ಕೆಲವು ದಿನ ಬಿಟ್ಟು ವಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕೆಂಪು ಕಂದಾಗುತ್ತದೆ. ಬೊಗ್ಗನಿಗೆ ಹಾಗಾಗಲಿಲ್ಲ. ಐದು ದಿನ ಅವನ ಹಿಂದೆ ಬಿಳಿ ತಗಡು ಹಿಡಿದುಕೊಂಡು ಓಡಿದ್ದು ಯಜಮಾನರು. ಲೈನ್ ಮನೆಯವರು ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ.

ಐದನೇ ದಿನ ಬಾಲ ಆಡಿತು. ಅಂಗಳದಲ್ಲಿ ಮಂಗನ ಹಿಂದೆ ನಾಲ್ಕು ಹೆಜ್ಜೆ ಓಡಿದ. ಗೆದ್ದೆವು ಅಂದುಕೊಂಡೆವು. ಆ ರಾತ್ರಿ ಮತ್ತೆ ಟಕ್ ಟಕ್, ಮತ್ತೆ ಪಂಪು. ನನಗೆ ಅಳು ಬಂತು. ಬೆಳಗ್ಗೆ ನೋಟ್ ಪುಸ್ತಕ ಎಷ್ಟು ತಿರುವಿದರೂ ಏನೂ ಸಿಗಲಿಲ್ಲ, ಎಲ್ಲಾ ಲೆಕ್ಕದ ಪ್ರಕಾರವೇ ಇತ್ತು. ಅತ್ತೆ ಬಾಗಿಲ ಹತ್ತಿರ ನಿಂತಿದ್ದರು. "ತುಪ್ಪ. ಒಂದೇ ಒಂದು ಚಮಚ. ಬರೀ ಅನ್ನ ಗಂಟಲಲ್ಲಿ ಇಳಿಯೂದಿಲ್ಲ ಅಂತ" ಅಂದರು. ಅಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತು ಅಂತ ಮುಖದಲ್ಲೇ ಕಾಣುತ್ತಿತ್ತು. ನನಗೆ ರೇಗಿಹೋಗಿತ್ತು. ಆದರೆ ಹಾಲು ಬ್ರೆಡ್ಡು ಕೊಟ್ಟವಳು ನಾನು, ಏನಂತ ಬಯ್ಯಲಿ? ಡಾಕ್ಟರಿಗೆ ಫೋನ್ ಮಾಡಿದಾಗ ಅವರೂ ಬಯ್ಯಲಿಲ್ಲ. ಮತ್ತೊಂದು ಇಂಜೆಕ್ಷನ್, ಮತ್ತೆ ಮೊದಲ ದಿನದ ಎರಡು ಉಂಡೆಯಿಂದ ಶುರು ಅಂದರು. ಅವತ್ತಿನಿಂದ ಅವನ ಊಟದ ಡಬ್ಬಿಯನ್ನು ಅತ್ತೆಯ ಕೈಗೇ ಕೊಟ್ಟೆ. ಅಳತೆ ಲೋಟವನ್ನೂ. ಇನ್ನು ಅವರ ಕೈಯಿಂದ ಬಿಟ್ಟು ಬೇರೆ ಯಾರ ಕೈಯಿಂದಲೂ ಊಟವಿಲ್ಲ. ಅವರಿಗಿಂತ ಕಟ್ಟುನಿಟ್ಟಿನ ನರ್ಸ್ ಯಾವ ಆಸ್ಪತ್ರೆಯಲ್ಲೂ ಇರಲಾರಳು. ನಾನು ತಟ್ಟೆಯಿಂದ ಒಂದು ಅಕ್ಕಿ ರೊಟ್ಟಿಯ ಚೂರು ಬೀಳಿಸಿದರೂ ಬರುತ್ತಾರೆ.

ಒಂಬತ್ತನೇ ದಿನ ತೋರಿಸಲು ಹೋದಾಗ ಕೇಳಿದೆ, ಮುಂದಿನ ಸಲ ಯಾವಾಗ ಕಾಯಬಹುದು, ಯಾವಾಗ ಓಡಬೇಕು ಅಂತ. ದೊಡ್ಡ ನಾಯಿ, ಒಂದೆರಡು ಸಲ ಕಕ್ಕಿ ಆಮೇಲೆ ನೀರು ಕುಡಿದು ಉಳಿಸಿಕೊಂಡು ಚುರುಕಾಗಿದ್ದರೆ ಒಂದು ದಿನ ಹಗುರ ಊಟ ಕೊಟ್ಟು ನೋಡಬಹುದು. ಕುಡಿದ ನೀರೂ ನಿಲ್ಲದಿದ್ದರೆ, ರಕ್ತ ಕಂಡರೆ, ಮಂಕಾದರೆ ಕಾಯಬೇಡಿ ಅಂದರು. ಎಲ್ಲಕ್ಕಿಂತ ಅರ್ಜೆಂಟು ಒಂದಿದೆ. ಹೊಟ್ಟೆ ಡೋಲಿನ ಹಾಗೆ ಉಬ್ಬಿ, ಓಕರಿಸಿ ಓಕರಿಸಿ ಏನೂ ಹೊರಗೆ ಬರದಿದ್ದರೆ ಜಠರ ತಿರುಚಿಕೊಂಡಿರಬಹುದು. ಎದೆ ಆಳವಾದ ದೊಡ್ಡ ಜಾತಿಯ ನಾಯಿಗಳಲ್ಲಿ ಆಗುತ್ತದೆ. ಅದಕ್ಕೆ ಗಂಟೆಗಳ ಲೆಕ್ಕ, ಆಪರೇಷನ್ನೇ ದಾರಿ. "ಮತ್ತೆ ಮರಿಯಾದ್ರೆ ಯಾವುದಕ್ಕೂ ಕಾಯಬೇಡಿ" ಅಂದರು.

ಅದು ನನಗೆ ಗೊತ್ತಿತ್ತು. ಬೊಗ್ಗನಿಗೆ ಮುಂಚೆ ನಮ್ಮಲ್ಲಿ ಒಂದು ಹೆಣ್ಣು ಮರಿ ಇತ್ತು. ಮೂರು ತಿಂಗಳು. ಒಂದೇ ಲಸಿಕೆ ಆಗಿತ್ತು, ಮಳೆ ಅಂತ ಎರಡನೆಯದಕ್ಕೆ ಹೋಗಿರಲಿಲ್ಲ. ಜುಲೈ ತಿಂಗಳ ಒಂದು ಸಂಜೆ ಕಕ್ಕಿತು, ಮರ ಬಿದ್ದು ರಸ್ತೆ ಬಂದ್, ನಾಳೆ ನೋಡೋಣ ಅಂದೆವು. ಬೆಳಗ್ಗೆ ರಕ್ತದ ಭೇದಿ. ಆ ವಾಸನೆ ಒಮ್ಮೆ ಬಂದರೆ ಮರೆಯುವುದಿಲ್ಲ. ಪಾರ್ವೋ. ಮಧ್ಯಾಹ್ನಕ್ಕೆ ಹೋಯಿತು. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಸಾಮಾನ್ಯ ಫಿನಾಯಿಲಿಗೆ ಬಗ್ಗುವುದಿಲ್ಲ, ಬ್ಲೀಚ್ ಹಾಕಿಯೇ ತೊಳೆಯಬೇಕು. ಅದಕ್ಕೇ ಬೊಗ್ಗನನ್ನು ಒಂದು ವರ್ಷ ಬಿಟ್ಟು ತಂದೆವು. ಆರು ವಾರದಿಂದ ಹದಿನಾರು ವಾರದವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಅವನ ಲಸಿಕೆ ಒಂದೂ ತಪ್ಪಿಸಲಿಲ್ಲ. ಜಂತುಹುಳದ ಮಾತ್ರೆಯೂ ಮೂರು ತಿಂಗಳಿಗೊಮ್ಮೆ ಸರಿಯಾಗಿ ಹೋಗುತ್ತದೆ. ನಮ್ಮ ಒದ್ದೆ ಮಣ್ಣಿನಲ್ಲಿ ಕೊಕ್ಕೆಹುಳದ ಮರಿಗಳು ಬದುಕುತ್ತವೆ, ಪಾದದ ಚರ್ಮದಿಂದಲೇ ಒಳಗೆ ಹೋಗುತ್ತವೆ. ಇಷ್ಟೆಲ್ಲ ಶಿಸ್ತು ಮಾಡಿದವರು ಊಟದ ತಟ್ಟೆಯ ವಿಷಯದಲ್ಲಿ ಎಡವಿದ್ದೆವು.

ಹಳೆಯ ಊಟಕ್ಕೆ ವಾಪಸು ಬರಲು ಇನ್ನೂ ಒಂದು ವಾರ ಹಿಡಿಯಿತು. ಮೊದಲೆರಡು ದಿನ ಕಾಲು ಭಾಗ ಹೊಸ ಊಟ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಹೊಸ ಊಟ ಅಂದರೆ ಕೊಬ್ಬು ಕಮ್ಮಿ ಇರುವ ಒಣ ಆಹಾರ, ಜೊತೆಗೆ ಬೇಯಿಸಿದ ಸಿಹಿಗುಂಬಳ. ಒಮ್ಮೆ ಬಂದ ಪ್ಯಾಂಕ್ರಿಯಾಟೈಟಿಸ್ ಮತ್ತೆ ಬರಬಹುದು ಅಂತ ಹೇಳಿದ್ದಾರೆ. ಈಗ ತೂಕ 28 ಕಿಲೋ. ಇನ್ನೊಂದು ಕಿಲೋ ಬಾಕಿ.

ಮೂರು ತಿಂಗಳು ಕಳೆದು ನಮ್ಮ ಸುಗ್ಗಿ ಹಬ್ಬ ಹುತ್ತರಿ ಬಂತು. ಮತ್ತೆ ಮನೆ ತುಂಬಾ ಜನ. ಮಗಳು ಅವನ ಕೊರಳಿಗೆ ರಟ್ಟಿನ ಬೋರ್ಡು ಕಟ್ಟಿದಳು: "ನನ್ನ ಊಟ ಆಯ್ತು." ಭಾವ ಅದನ್ನು ಓದಿ, ತಟ್ಟೆಗೆ ಕೈ ಹಾಕಿ, ಅತ್ತೆಯ ಮುಖ ನೋಡಿ, ಕೈ ತೆಗೆದರು. ಪಟಾಕಿ ಹೊಡೆಯುವಾಗ ಅವನನ್ನು ಒಳಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದೆ. ಕದಿರು ತೆಗೆದು ಗದ್ದೆಯಿಂದ ವಾಪಸು ಬಂದಾಗ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅತ್ತೆ ನೆಲದ ಮೇಲೆ ಕೂತಿದ್ದರು. ಅವರ ಕೈಯಲ್ಲಿ ಬೇಯಿಸಿದ ಹುತ್ತರಿ ಗೆಣಸು. ಸಿಪ್ಪೆ ಸುಲಿದು, ಹಿಸುಕಿ, ಊದಿ ಆರಿಸುತ್ತಿದ್ದರು. ಬೊಗ್ಗನ ಮೂತಿಯಿಂದ ಜೊಲ್ಲು ಅವರ ಸೀರೆಯ ಮೇಲೆ ಸುರಿಯುತ್ತಿತ್ತು. ನನ್ನನ್ನು ಕಂಡು ಅತ್ತೆ ಗಾಬರಿಯಾದರು.

"ಬೆಲ್ಲ ಹಾಕಿಲ್ಲ, ತುಪ್ಪ ಹಾಕಿಲ್ಲ" ಅಂದರು. "ಡಾಕ್ಟರಿಗೆ ಫೋನ್ ಮಾಡಿ ಕೇಳಿದ್ದೇನೆ."